ಕೆಸರಿನ ಪಂದ್ಯಕ್ಕೆ ಮರಳಿದಾಕೆ



ಸೈಕಲ್ಲು ನಮಗೆ ಹೊಸದಲ್ಲ. ಈ ವಾಚನಾಲಯದ ಗೋಡೆಗೆ ಒರಗಿ ನಿಂತ ಸೈಕಲ್ಲುಗಳನ್ನು ದಿನವೂ ಕಾಣುತ್ತೇವೆ. ಆದರೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಓಡುವ ಪಂದ್ಯವೊಂದುಂಟು ಎಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಅದಕ್ಕೆ ಸೈಕ್ಲೋಕ್ರಾಸ್ ಎಂದು ಹೆಸರು. ಫ್ರಾನ್ಸಿನಲ್ಲಿ 1902ರಲ್ಲಿ ಡೇನಿಯಲ್ ಗುಸ್ಸೋ ಎಂಬ ಸೈನಿಕನು ಇದರ ಮೊದಲ ರಾಷ್ಟ್ರೀಯ ಪಂದ್ಯವನ್ನು ನಡೆಸಿದನು. ವಿಶ್ವ ಪಂದ್ಯವು ಗಂಡಸರಿಗೆ 1950ರಲ್ಲಿ, ಹೆಂಗಸರಿಗೆ 2000ದಲ್ಲಿ ಮೊದಲಾಯಿತು.

ಇದು ಚಳಿಗಾಲದ ಆಟ. ಸುಮಾರು ಮೂರು ಕಿಲೋಮೀಟರಿನ ಸುತ್ತು. ಕೆಸರು, ಮರಳು, ಏರು, ಕೆಲವೆಡೆ ಮೆಟ್ಟಿಲು, ಅಡ್ಡ ನಿಲ್ಲಿಸಿದ ಹಲಗೆ. ತುಳಿಯಲಾಗದ ಕಡೆ ಇಳಿದು, ಹೊತ್ತು, ಓಡಿ, ಮತ್ತೆ ಹಾರಿ ಕೂರಬೇಕು. ರಸ್ತೆಯ ಪಂದ್ಯದಲ್ಲಾದರೆ ಗುಂಪಿನ ಮರೆಯಲ್ಲಿ ದಣಿವಾರಿಸಿಕೊಳ್ಳಬಹುದು. ಇಲ್ಲಿ ದೇಹದಲ್ಲಿ ಐಬಿದ್ದರೆ ಮೊದಲ ಸುತ್ತಿನಲ್ಲೇ ಬಯಲಾಗುತ್ತದೆ.

ಹಾಲೆಂಡಿನ ಮರಿಯಾನ್ ವೋಸ್ ಇದರಲ್ಲಿ 2006ರಲ್ಲೊಮ್ಮೆ, ಬಳಿಕ 2009ರಿಂದ 2014ರವರೆಗೆ ಸತತವಾಗಿ ಆರು ಸಲ ವಿಶ್ವ ವಿಜೇತೆಯಾದಳು. ಚಳಿಗಾಲದಲ್ಲಿ ಕೆಸರು, ಬೇಸಗೆಯಲ್ಲಿ ರಸ್ತೆ, ನಡುವೆ ಗುಡ್ಡಗಾಡು. ನಮ್ಮ ಮಾತಿನಲ್ಲಿ ಹೇಳುವುದಾದರೆ ವರ್ಷವಿಡೀ ಓವರ್‌ಟೈಮ್. 2015ರಲ್ಲಿ ತೊಡೆಯ ಸ್ನಾಯುವಿನ ನೋವಿದ್ದರೂ ಪಂದ್ಯಕ್ಕಿಳಿದು ಮೂರನೆಯವಳಾದಳು. ಆಮೇಲೆ ದೇಹ ಕೈಕೊಟ್ಟಿತು. ಜ್ವರವಿಲ್ಲ, ಕಾಣುವ ಗಾಯವಿಲ್ಲ. ಮಲಗೆದ್ದರೂ ಇಳಿಯದ ಆಯಾಸ. ದುಡಿಮೆಗೆ ತಕ್ಕ ಬಿಡುವು ಬಹುಕಾಲ ಸಿಗದೆ ಹೋದರೆ ಅಭ್ಯಾಸ ಮಾಡಿದಷ್ಟೂ ಶಕ್ತಿ ಕುಂದುತ್ತದಂತೆ. ಅದಕ್ಕೆ ಮಾತ್ರೆಯಿಲ್ಲ, ವಿಶ್ರಾಂತಿಯೇ ಮದ್ದು. ಆಕೆ ಆ ವರ್ಷದ ಉಳಿದ ಪಂದ್ಯಗಳನ್ನು ಬಿಟ್ಟಳು; 2016ರ ವಿಶ್ವ ಪಂದ್ಯಕ್ಕೂ ಇಳಿಯಲಿಲ್ಲ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಮಗೆ ಕಾಮಾಲೆಯಾಗಿದ್ದಾಗ ಸಂಬಳ ಕಡಿತದ ಭಯದಿಂದ ಹದಿನೈದನೆಯ ದಿನವೇ ಮಿಲ್ಲಿಗೆ ಹೋಗಿ ಕುಳಿತೆವು. ಕಣ್ಣಿನ ಹಳದಿ ಪೂರ್ತಿ ಹೋಗಿರಲಿಲ್ಲ. ಹಾಜರಿ ಪುಸ್ತಕದ ಅಂಕಿಗಳು ಕುಣಿದವು. ಮಧ್ಯಾಹ್ನಕ್ಕೆ ಇಬ್ಬರು ಜೊತೆಗಾರರು ನಮ್ಮನ್ನು ಹಿಡಿದುಕೊಂಡು ಖೋಲಿಗೆ ತಂದು ಮಲಗಿಸಿದರು. ಎದ್ದದ್ದು ಎರಡು ತಿಂಗಳ ಮೇಲೆ. ಉಳಿಸಹೋದದ್ದಕ್ಕಿಂತ ಕಳೆದದ್ದೇ ಹೆಚ್ಚು. ಊರಿಗೆ ಹಣ ಹೋಗಲಿಲ್ಲ, ಏಕೆಂದು ಬರೆಯಲೂ ನಾಚಿಕೆಯಾಯಿತು.

ಆಟಗಾರ್ತಿಗೆ ತಂಡದ ಆಸರೆಯುಂಟು, ನಮಗೇನುಂಟು ಎಂದು ಕೇಳುವಿರಿ. ಕೇಳತಕ್ಕ ಮಾತೇ. ಇ.ಎಸ್.ಐ. ವಿಮೆಯಲ್ಲಿ ಕಂತು ಸರಿಯಾಗಿ ಸಂದಿದ್ದರೆ, ಡಾಕ್ಟರ ಸರ್ಟಿಫಿಕೇಟಿನ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟು ಸಿಗುತ್ತದೆ. ನಮ್ಮ ಕಾರ್ಡು ಟ್ರಂಕಿನ ತಳದಲ್ಲಿತ್ತು. ಇತರರ ಲೆಕ್ಕ ಬರೆಯುವ ನಾವೇ ಅದನ್ನು ವಿಚಾರಿಸಲಿಲ್ಲ!

ವೋಸ್ ಮತ್ತೆ ವಿಶ್ವ ಪಂದ್ಯಕ್ಕೆ ಇಳಿದದ್ದು 2017ರ ಜನವರಿ 28ರಂದು, ಲಕ್ಸೆಂಬರ್ಗಿನ ಬೀಲ್ಸ್ ಊರಿನಲ್ಲಿ. ಬೆಲ್ಜಿಯಮ್ಮಿನ ಸಾನೆ ಕಾಂಟ್ ಜೊತೆ ಕೊನೆಯ ಸುತ್ತಿನವರೆಗೂ ಹೋರಾಡಿ ಎರಡನೆಯವಳಾದಳು. ಎರಡು ವರ್ಷದ ಕೆಳಗೆ ಬಿದ್ದವಳಿಗೆ ಆ ಬೆಳ್ಳಿ ನಮ್ಮ ಎಣಿಕೆಯಲ್ಲಿ ಚಿನ್ನಕ್ಕೆ ಕಡಮೆಯಲ್ಲ. ಚಿನ್ನವೂ ಬಂತು, ಐದು ವರ್ಷ ತಡವಾಗಿ: 2022ರ ಜನವರಿಯಲ್ಲಿ ಅಮೆರಿಕದ ಫೇಯೆಟ್‌ವಿಲ್‌ನಲ್ಲಿ, ತನ್ನ ದೇಶದವಳೇ ಆದ ಲೂಸಿಂಡಾ ಬ್ರಾಂಡಳನ್ನು ಕೊನೆಯ ಧಾವಂತದಲ್ಲಿ ಹಿಂದೆ ಹಾಕಿ, ಎಂಟನೆಯ ಸಲ ಗೆದ್ದಳು. ಆಗ ವಯಸ್ಸು 34.

ವಿಮೆಯ ಅರ್ಜಿ ಬರೆಯಲು ತೊಡಕಾದವರು ಭಾನುವಾರ ಬೆಳಿಗ್ಗೆ ಇಲ್ಲಿಗೆ ಬಂದರೆ ನಾವೇ ಬರೆದುಕೊಡುತ್ತೇವೆ. ಕಾರ್ಡು, ಸರ್ಟಿಫಿಕೇಟು ಎರಡನ್ನೂ ತನ್ನಿರಿ.