ಮಳೆಯ ಬೆನ್ನಿಗೊಂದು ಬೆಳಕು

ಆಷಾಢದಲ್ಲಿ ಹೊಸ ಮದುಮಗಳನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ರೂಢಿ. ಆದ್ದರಿಂದ ಜೋಡಿಯೂ ಮಳೆಯೂ ನನಗೆ ಒಟ್ಟಿಗೆ ದೊರೆಯುವುದು ಶ್ರಾವಣದಲ್ಲಿಯೇ. ಘಟಪ್ರಭೆ ಹಿಡಕಲ್ ಜಲಾಶಯವನ್ನು ದಾಟಿ ಹರಿಯುವ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳಲ್ಲಿ ಕ್ಯಾಮೆರಾ ಹೊತ್ತು ತಿರುಗುವವನು ನಾನು. ರಾತ್ರಿ ಮಳೆಯಲ್ಲಿ ತಮ್ಮಿಬ್ಬರದೊಂದು ಫೋಟೋ ಬೇಕೆನ್ನುವವರು ಈಗ ಕಡಿಮೆಯಿಲ್ಲ. ಕೆಲವರಿಗೆ ಗೋಕಾಕದ ಜಲಪಾತವೇ ಆಗಬೇಕು. ಸುಮಾರು 170 ಅಡಿ ಧುಮುಕುವ ನೀರಿನ ಪಕ್ಕದ ಜಾರುಬಂಡೆಯ ಮೇಲೆ, ಕತ್ತಲೆಯಲ್ಲಿ, ಯಾರನ್ನೂ ನಿಲ್ಲಿಸುವ ಧೈರ್ಯ ನನಗಿಲ್ಲ. ಮನೆಯ ಅಂಗಳವೇ ಸಾಕು.

ಮೊದಲ ಸಲ ಹುಕ್ಕೇರಿಯಲ್ಲಿ ಪೇಚಿಗೆ ಸಿಕ್ಕೆ. ಕ್ಯಾಮೆರಾದ ತಲೆಯ ಮೇಲೆಯೇ ಫ್ಲಾಶ್ ಕೂರಿಸಿ ಚಿತ್ರ ತೆಗೆದಿದ್ದೆ. ಅದರಲ್ಲಿ ಮಳೆಯಿರಲಿಲ್ಲ, ಜೋಡಿಯ ಮುಖದ ಮೇಲೆಲ್ಲ ಬಿಳಿಯ ಮಚ್ಚೆಗಳಿದ್ದವು. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕಿಳಿಯುತ್ತದೆ. ಹೀಗಾಗಿ ಮಸೂರದ ಎದುರಿಗೇ ಬೀಳುವ ಹನಿಗಳು ಬೆಳಕನ್ನೆಲ್ಲ ತಾವೇ ಪಡೆದು ಮೆರೆಯುತ್ತವೆ. ಮುಂದಿನ ಸಲ ಫ್ಲಾಶನ್ನು ಬಿಡಿಸಿ ಜೋಡಿಯ ಹಿಂದೆ, ಅವರ ಮೈಮರೆಯಲ್ಲಿ, ನನ್ನತ್ತ ಮುಖಮಾಡಿ ಇಟ್ಟೆ. ಚಿತ್ರವೇ ಬದಲಾಯಿತು. ಪ್ರತಿಯೊಂದು ಹನಿಯೂ ಪುಟ್ಟ ಮಸೂರವಾಗಿ ಬೆಳಕನ್ನು ಬಾಗಿಸಿ ಮುಂದಕ್ಕೆ ಕಳುಹಿಸುತ್ತದೆ. ಹಿಂದೆ ಕತ್ತಲೆಯಿದ್ದರೆ ಮುತ್ತು ಸುರಿದಂತೆ ಕಾಣುತ್ತದೆ.

ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಫ್ಲಾಶ್ 1/1000 ಸೆಕೆಂಡು ಬೆಳಗಿದರೆ ಅದು 9 ಮಿಲಿಮೀಟರಿನ ಗೀರು. ಶಕ್ತಿಯನ್ನು ತಗ್ಗಿಸಿ 1/10000ಕ್ಕೆ ಇಳಿಸಿದರೆ ನಿಂತ ಮಣಿ. ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಹಾಲಿನ ಹನಿ ಸಿಡಿಯುವುದನ್ನು ಹಿಡಿದುದು ಇಂಥ ಕ್ಷಣದ ಮಿಂಚಿನಿಂದಲೇ. ನಾನಂತೂ ಗೀರಿನ ಪಕ್ಷ. ಮಳೆ ಬೀಳುತ್ತಿರಬೇಕು, ತೂಗುತ್ತಿರಬಾರದು. ಮುಖಗಳು ಕಪ್ಪಾಗದಂತೆ ಇನ್ನೊಂದು ಫ್ಲಾಶನ್ನು ಪಕ್ಕದ ಬಿಳಿಗೋಡೆಗೆ ತಿರುಗಿಸಿರುತ್ತೇನೆ. ಕೇಳುತ್ತಿರುವವರಲ್ಲಿ ಈ ಹವ್ಯಾಸದವರಿದ್ದರೆ ಅವರಿಗೊಂದು ಮಾತು: ಫ್ಲಾಶಿಗೆ ಪ್ಲಾಸ್ಟಿಕ್ ಚೀಲ ಕಟ್ಟುವುದನ್ನು ಮರೆಯಬೇಡಿ, ಒಳಗೆ ನೂರಾರು ವೋಲ್ಟ್ ವಿದ್ಯುತ್ತು ಅಡಗಿರುತ್ತದೆ.

ಮೂಡಲಗಿ ತಾಲೂಕಿನಲ್ಲಿ, ಹೊಳೆದಂಡೆಯ ಹಳ್ಳಿಯೊಂದರ ಅಂಗಳದಲ್ಲಿ, ಇದೆಲ್ಲವನ್ನೂ ಸಜ್ಜುಗೊಳಿಸಿ ನಿಂತಿದ್ದೆ. ಮದುಮಗನ ತಾಯಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು.

“ಆ ಲೈಟ್ ಹಿಂದ್ಯಾಕ ಇಟ್ಟಿ, ತಮ್ಮಾ?”

“ಮಳಿ ಚಂದ ಕಾಣತೈತ್ರಿ, ಅವ್ವಾರ.”

“ಮಹಾಪೂರ ಬಂದಾಗ ಹೊಳಿ ಮನಿ ಹೊಕ್ಕು ನಮ್ಮ ಲಗ್ನದ ಫೋಟೋ ಎಲ್ಲಾ ಮುದ್ದಿ ಮಾಡೇತಿ. ಆ ಮಳೀನ ತಂದು ಮಕ್ಕಳ ಬೆನ್ನಿಗೆ ನಿಲ್ಲಸ್ತೀಯಲ್ಲೋ.”

2019ರ ಆಗಸ್ಟಿನ ಮಾತು ಅದು. ಮಳೆಯನ್ನು ಮುತ್ತೆಂದು ಮಾರುತ್ತಿದ್ದ ನನಗೆ ಉತ್ತರ ಹೊಳೆಯಲಿಲ್ಲ. ಮಗ, ಸೊಸೆ ಮಾತ್ರ ಪಟ್ಟು ಬಿಡಲಿಲ್ಲ. ಅವರ ಚಿತ್ರ ಅವರು ಬಯಸಿದಂತೆಯೇ ಆಯಿತು. ಎರಡೇ ನಿಮಿಷ; ಅಷ್ಟರಲ್ಲೇ ಆ ಹುಡುಗಿ ಚಳಿಗೆ ನಡುಗತೊಡಗಿದ್ದಳು.

ಕ್ಯಾಮೆರಾ ಒರೆಸುತ್ತಿದ್ದಾಗ ಆ ತಾಯಿ ಒಳಗಿನಿಂದ ತಮ್ಮ ಯಜಮಾನರನ್ನು ಕರೆತಂದು ಸೂರಿನ ಕೆಳಗೆ ನಿಂತರು. ಸೆರಗು ಸರಿಪಡಿಸಿಕೊಂಡರು.

“ನಮ್ಮದೂ ಒಂದು ತಗಿ. ಮಳಿ ಮಾತ್ರ ಬರಬಾರದು ನೋಡು.”

ನಾನು ಹಿಂದಿನ ಫ್ಲಾಶನ್ನು ಆರಿಸಿದೆ. ಸೂರಿನೊಳಕ್ಕೆ ನಾನೂ ಸರಿದು, ಗೋಡೆಯಿಂದ ಮರಳಿ ಬಂದ ಬೆಳಕಿನಲ್ಲಿ ಅವರಿಬ್ಬರನ್ನು ತೆಗೆದೆ. ಅಂಗಳದಲ್ಲಿ ಮಳೆ ಜಡಿಯುತ್ತಲೇ ಇತ್ತು. ಚಿತ್ರದಲ್ಲಿ ಒಂದು ಹನಿಯೂ ಮೂಡಲಿಲ್ಲ.