ಯಕೃತ್ತಿನ ಬೇನೆಯೂ ಶ್ವಾಸಕೋಶದ ಒತ್ತಡವೂ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಬಹುಕಾಲದಿಂದ ಯಕೃತ್ತಿನ ಬೇನೆಯುಳ್ಳ ಹಿರಿಯರೊಬ್ಬರು ಮನೆಯಲ್ಲಿದ್ದಾರೆಂದು ಭಾವಿಸಿರಿ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತದೆ. "ನಿಶ್ಶಕ್ತಿ, ಮತ್ತೇನೂ ಅಲ್ಲ" ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆ ಸಮಾಧಾನವು ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ ತರಬಹುದು. ಇದನ್ನು ತಿಳಿಸುವುದೇ ನನ್ನ ಉದ್ದೇಶ.

ಜಠರ, ಕರುಳು ಮುಂತಾದವುಗಳಿಂದ ಹೊರಟ ರಕ್ತವು ದ್ವಾರಸಿರೆ ಎಂಬ ದೊಡ್ಡ ನಾಳದ ಮೂಲಕ ಯಕೃತ್ತನ್ನು ಹೊಕ್ಕು, ಅಲ್ಲಿ ಸೋಸಲ್ಪಟ್ಟು ಹೃದಯವನ್ನು ಸೇರುತ್ತದೆ. ಮದ್ಯಪಾನದಿಂದಲೋ, ಬಿ ಮತ್ತು ಸಿ ಬಗೆಯ ಕಾಮಾಲೆಯ ವೈರಸ್ಸುಗಳಿಂದಲೋ, ಕೊಬ್ಬು ತುಂಬಿಯೋ ಯಕೃತ್ತು ಗಟ್ಟಿಯಾದರೆ ಈ ದಾರಿಯು ಬಿಗಿಯುತ್ತದೆ. ತೋಡಿಗೆ ಕಟ್ಟ ಹಾಕಿದಾಗ ನೀರು ಏರಿ ಬದಿಯ ದಾರಿಯನ್ನು ಹುಡುಕುವುದನ್ನು ನೀವು ಕಂಡಿದ್ದೀರಿ. ರಕ್ತವೂ ಹಾಗೆಯೇ ಯಕೃತ್ತನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಯಕೃತ್ತು ತಡೆಯಬೇಕಾಗಿದ್ದ ದ್ರವ್ಯಗಳು ಆಗ ಶ್ವಾಸಕೋಶವನ್ನು ತಲಪುತ್ತವೆ. ಇವುಗಳಿಂದಲೂ ರಕ್ತದ ರಭಸದಿಂದಲೂ ಅಲ್ಲಿಯ ಸಣ್ಣ ಅಪಧಮನಿಗಳ ಗೋಡೆಗಳು ದಪ್ಪವಾಗುವುವೆಂದು ವೈದ್ಯರು ಭಾವಿಸುತ್ತಾರೆ. ಇಕ್ಕಟ್ಟಾದ ಆ ನಾಳಗಳಿಗೆ ರಕ್ತವನ್ನು ನೂಕಿ ನೂಕಿ ಹೃದಯದ ಬಲಭಾಗವು ಬಳಲುತ್ತದೆ. ಯಕೃತ್ತಿನ ರೋಗಿಗಳೆಲ್ಲರಿಗೂ ಇದು ಬರುವುದಿಲ್ಲ. ಆದರೆ ಯಕೃತ್ತಿನ ಕೆಲಸ ತೀರ ಕೆಡದಿದ್ದವರಿಗೂ ಬರುವುದುಂಟು.

ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಒತ್ತಡ ಬೇರೆ, ಇದು ಬೇರೆ. ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡವು ಸ್ವಸ್ಥರಲ್ಲಿ ಸುಮಾರು 14 ಮಿಲಿಮೀಟರ್ ಪಾದರಸ. 20ನ್ನು ಮೀರಿದರೆ ಹೆಚ್ಚೆಂದು ಲೆಕ್ಕ. ಎಕೋ ಪರೀಕ್ಷೆಯು ಇದರ ಸುಳಿವು ಕೊಡುತ್ತದೆ. ನಿಶ್ಚಯಿಸಬೇಕಾದರೆ ಸಪೂರವಾದ ಕೊಳವೆಯೊಂದನ್ನು ರಕ್ತನಾಳದೊಳಗಿಂದ ಹೃದಯದ ಬಲಭಾಗಕ್ಕೆ ಸಾಗಿಸಿ ಅಳೆಯಬೇಕು. ವಿದ್ಯಾರ್ಥಿಗಳೇ, 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನು ಅಂಥ ಕೊಳವೆಯನ್ನು ತನ್ನ ತೋಳಿನ ಸಿರೆಯಿಂದಲೇ ಹೃದಯಕ್ಕೆ ಸಾಗಿಸಿ, ಕ್ಷಕಿರಣದ ಚಿತ್ರ ತೆಗೆಸಿದನು. ಈ ವಿಧಾನವನ್ನು ಬೆಳೆಸಿದ ಕೂರ್ನಾನ್ ಮತ್ತು ರಿಚರ್ಡ್ಸ್ ಅವರೊಡನೆ ಅವನಿಗೆ 1956ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ನೀವು ಅವನ ಸಾಹಸವನ್ನಲ್ಲ, ಜಿಜ್ಞಾಸೆಯನ್ನು ಅನುಸರಿಸಿರಿ.

ಯಕೃತ್ತು ತೀರ ಕೆಟ್ಟವರಿಗೆ ಇಂದು ಬೇರೆ ಯಕೃತ್ತನ್ನು ಜೋಡಿಸುವ ಶಸ್ತ್ರಚಿಕಿತ್ಸೆಯುಂಟು. ಆದರೆ ಶ್ವಾಸಕೋಶದ ಆ ಒತ್ತಡವು 35ಕ್ಕೆ ಏರಿದ್ದರೆ, ಮೊದಲು ನಾಳಗಳನ್ನು ಸಡಿಲಿಸುವ ಔಷಧಗಳಿಂದ ಅದನ್ನು ಇಳಿಸಬೇಕಾಗುತ್ತದೆ. 50ನ್ನು ಮೀರಿದ್ದರೆ ಶಸ್ತ್ರಚಿಕಿತ್ಸೆಯೇ ಪ್ರಾಣಾಪಾಯಕರ. ಸಕಾಲದಲ್ಲಿ ಗುರುತಿಸಿದವರಿಗೆ ದಾರಿ ತೆರೆದಿರುತ್ತದೆ. ತಡಮಾಡಿದವರಿಗೆ ಅದು ಮುಚ್ಚಿಹೋಗಬಹುದು.

ಆದುದರಿಂದ ಪೋಷಕರೇ, ಯಕೃತ್ತಿನ ಬೇನೆಯವರಲ್ಲಿ ಏದುಸಿರು, ಕಾಲಿನ ಬಾವು, ತಲೆಸುತ್ತಿ ಬೀಳುವುದು ಕಂಡುಬಂದರೆ ವೈದ್ಯರಿಗೆ ಕೂಡಲೇ ತಿಳಿಸಿರಿ, "ಶ್ವಾಸಕೋಶದ ಒತ್ತಡವನ್ನು ನೋಡಿಸಿದಿರಾ?" ಎಂದು ವಿನಯದಿಂದ ಕೇಳಿರಿ. ಔಷಧಗಳನ್ನು ನೀವಾಗಿ ನಿಲ್ಲಿಸಬೇಡಿರಿ. ಮದ್ಯವನ್ನು ಮನೆಯಿಂದ ದೂರವಿಡಿರಿ. ಮಗು ಹುಟ್ಟಿದ 24 ಗಂಟೆಗಳೊಳಗೆ ಬಿ ಬಗೆಯ ಕಾಮಾಲೆಯ ಲಸಿಕೆಯನ್ನು ಹಾಕಿಸಿರಿ.

ಮಕ್ಕಳೇ, ಅಜ್ಜ ಅಜ್ಜಿಯರ ಕೈಹಿಡಿದು ನಡೆಯುವವರು ನೀವು. ಅವರು ನಿನ್ನೆಗಿಂತ ಇಂದು ಬೇಗ ನಿಂತು ದಮ್ಮು ಕಟ್ಟಿದರೆ ಅದನ್ನು ಮೊದಲು ಕಾಣುವವರೂ ನೀವೇ. ಕಂಡುದನ್ನು ಮನೆಯಲ್ಲಿ ಹೇಳಿರಿ. ಅಷ್ಟರಿಂದಲೇ ಒಂದು ಜೀವವು ಉಳಿದೀತು.