ಕೋಪವೂ ಕೊಲೆಯೂ

ಕೋಪದಲ್ಲಿ ಕೊಯ್ದ ಮೂಗು ಶಾಂತವಾದಮೇಲೆ ಬಾರದೆಂಬುದು ನಮ್ಮಲ್ಲಿ ಹಳೆಯ ಗಾದೆ. ಹೋದ ಪ್ರಾಣವೂ ಹಾಗೆಯೇ. ಆದರೆ ಕೊಂದವನು ಆ ಗಳಿಗೆಯಲ್ಲಿ ತನ್ನ ವಶದಲ್ಲಿ ತಾನಿರಲಿಲ್ಲವಾದರೆ, ಹೊಂಚುಹಾಕಿ ಕೊಂದವನಿಗೂ ಅವನಿಗೂ ಒಂದೇ ದಂಡನೆಯೆ?

ಅಲ್ಲವೆಂದು 1860ರ ಭಾರತೀಯ ದಂಡಸಂಹಿತೆಯ 300ನೆಯ ಕಲಮಿನ ಮೊದಲನೆಯ ಅಪವಾದವು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 101ನೆಯ ಕಲಮಿನಲ್ಲಿಯೂ ಆ ಮಾತು ಉಳಿದಿದೆ. ತೀವ್ರವೂ ಹಠಾತ್ತೂ ಆದ ಪ್ರಚೋದನೆಯಿಂದ ಆತ್ಮಸಂಯಮವನ್ನು ಕಳೆದುಕೊಂಡು, ಕೆರಳಿಸಿದವನನ್ನು ಕೊಂದರೆ, ಅದು ಕೊಲೆಯೆನಿಸದೆ ಅದಕ್ಕಿಂತ ಒಂದು ಮೆಟ್ಟಲು ಕೆಳಗಿನ ನರಹತ್ಯೆಯಾಗುತ್ತದೆ. ಮರಣದಂಡನೆ ತಪ್ಪುತ್ತದೆ, ಆದರೆ 5ರಿಂದ 10 ವರ್ಷಗಳ ಸೆರೆ, ಅಥವಾ ಆಜೀವ ಸೆರೆಯೇ ಕಾದಿರುತ್ತದೆ. ಇದು ಕ್ಷಮೆಯಲ್ಲ, ರಿಯಾಯಿತಿ. ತಾನೇ ಪ್ರಚೋದನೆಯನ್ನು ಅರಸಿ ಹೋದವನಿಗೆ ಇದೂ ಇಲ್ಲ.

ಬರಿಯ ಮಾತು ಪ್ರಚೋದನೆಯಾದೀತೆ? 1837ರ ಕರಡಿನಲ್ಲಿ ಮೆಕಾಲೆಯವರು, ಮೈಮೇಲಿನ ಏಟಿನಷ್ಟೇ ಮಾತಿನ ಅವಮಾನವೂ ಮನುಷ್ಯನನ್ನು ಕೆರಳಿಸಬಲ್ಲುದೆಂದು ವಾದಿಸಿದರು. ನಾಲಗೆಯ ಪೆಟ್ಟನ್ನು ಬಲ್ಲ ನಮ್ಮ ಜನಕ್ಕೆ ಇದೇನೂ ಹೊಸದಲ್ಲ.

ಕಷ್ಟವೆಲ್ಲ ಇರುವುದು ‘ಹಠಾತ್’ ಎಂಬ ಪದದಲ್ಲಿ. ನಮ್ಮ ಉದಯಗಿರಿಯ ಬೀದಿಯೊಂದರಲ್ಲಿ ಇಬ್ಬರು ನೆರೆಯವರು ಗೋಡೆಯ ವಿಷಯವಾಗಿ ಜಗಳವಾಡಿ, ಒಬ್ಬನು ಮತ್ತೊಬ್ಬನ ತಾಯಿಯ ಮೇಲೆ ಆಡಬಾರದ ಮಾತನ್ನಾಡಿದನೆಂದು ಊಹಿಸೋಣ. ಕೇಳಿದವನು ಕೈಯಲ್ಲಿದ್ದ ಸಲಿಕೆಯಿಂದಲೇ ಹೊಡೆದು ಕೊಂದರೆ ಈ ಅಪವಾದದ ಮಾತನ್ನು ಎತ್ತಬಹುದು. ದೇವರಾಜ ಮಾರುಕಟ್ಟೆಯವರೆಗೆ ನಡೆದು, ಚೌಕಾಸಿ ಮಾಡಿ ಮಚ್ಚನ್ನು ಕೊಂಡುತಂದನಾದರೆ, ಆ ದಾರಿಯೇ ಅವನಿಗೆ ವಿರುದ್ಧವಾದ ಸಾಕ್ಷಿ. ವಿರಾಟನ ಸಭೆಯಲ್ಲಿ ಕೀಚಕನು ದ್ರೌಪದಿಯನ್ನು ಒದೆದಾಗಲೇ ಭೀಮನು ಮೇಲೆ ಬಿದ್ದಿದ್ದರೆ ಒಂದು ಮಾತು. ನಾಟ್ಯಶಾಲೆಯ ಕತ್ತಲಲ್ಲಿ ಕಾದು ಕೊಂದದ್ದು, ನಮಗೆಷ್ಟೇ ಹಿತವಾದರೂ, ಇದರೊಳಕ್ಕೆ ಬಾರದು.

ನೌಕಾಧಿಕಾರಿ ನಾನಾವತಿಯವರ ಮೊಕದ್ದಮೆಯಲ್ಲಿ ಆದದ್ದೂ ಇದೇ. 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ಹೆಂಡತಿಯು ಪರಪುರುಷನ ಸಂಬಂಧವನ್ನು ಒಪ್ಪಿಕೊಂಡಮೇಲೆ, ಅವರು ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರನ್ನು ಪಡೆದು, ಅವನ ಮನೆಯಲ್ಲಿ ಅವನನ್ನು ಕೊಂದರು. ನಡುವೆ ಸುಮಾರು ಮೂರು ಗಂಟೆ ಕಳೆದಿತ್ತು. ಸಂಯಮ ಮರಳಲು ಅಷ್ಟು ಸಾಕೆಂದು 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಲೆಯ ತೀರ್ಪನ್ನೇ ಎತ್ತಿಹಿಡಿಯಿತು.

ನಾನಾವತಿಯವರ ಮಟ್ಟಿಗೆ ಇದು ಸರಿಯೆ. ಆದರೆ ಈ ಗಡಿಯಾರವು ಬಲವುಳ್ಳವರಿಗೇ ಅನುಕೂಲವಲ್ಲವೆ ಎಂಬುದು ನಮ್ಮ ಸಂದೇಹ. ಕೆರಳಿದೊಡನೆ ಎದುರಾಳಿಯನ್ನು ಹೊಡೆದುಹಾಕುವುದಕ್ಕೆ ತೋಳಿನಲ್ಲಿ ಕಸುವು ಬೇಕು. ಹತ್ತು ವರ್ಷ ಗಂಡನ ಏಟನ್ನು ತಿಂದ ಹೆಂಗಸು ಅವನೆದುರಿಗೆ ಕೈಯೆತ್ತಲಾರಳು. ಅವನು ನಿದ್ದೆಹೋದಮೇಲೆ ಎತ್ತಿಯಾಳು. ಅವಳ ಕೋಪವು ಗಳಿಗೆಯಲ್ಲಿ ಹತ್ತಿದ ಬೆಂಕಿಯಲ್ಲ, ಬೂದಿ ಮುಚ್ಚಿದ ಕೆಂಡ. ಕಾನೂನು ಆ ನಡುವಣ ಮೌನವನ್ನು ಸಂಯಮವೆಂದು ಎಣಿಸುತ್ತದೆ. ನಮಗೆ ಅದು ಭಯವೆಂದು ತೋರುತ್ತದೆ.

ಮದರಾಸು ಉಚ್ಚ ನ್ಯಾಯಾಲಯವು 1989ರಲ್ಲಿ, ಮಕ್ಕಳೊಡನೆ ಬಾವಿಗೆ ಹಾರಿದ ತಾಯಿಯೊಬ್ಬಳ ಮೊಕದ್ದಮೆಯಲ್ಲಿ, ದೀರ್ಘಕಾಲದ ಪ್ರಚೋದನೆಯನ್ನೂ ಗಣನೆಗೆ ತೆಗೆದುಕೊಂಡಿತು. ಇಂಗ್ಲೆಂಡಿನವರು 2009ರ ಅಧಿನಿಯಮದಲ್ಲಿ ‘ಹಠಾತ್ತಾಗಿರಬೇಕು’ ಎಂಬ ನಿಬಂಧನೆಯನ್ನು ತೆಗೆದುಹಾಕಿದರು. ಸಂಗಾತಿಯ ಪರಸಂಗವೊಂದನ್ನೇ ಕಾರಣವಾಗಿ ಮುಂದಿಡಲಾಗದೆಂದೂ ವಿಧಿಸಿದರು. 2023ರಲ್ಲಿ ಸಂಹಿತೆಯನ್ನು ಹೊಸದಾಗಿ ಬರೆದ ನಮ್ಮವರು ಆ ಪದವನ್ನು ಮುಟ್ಟಲಿಲ್ಲ. ಮುಟ್ಟಬೇಕಾಗಿತ್ತೆಂದು ನಾವು ಭಾವಿಸುತ್ತೇವೆ.

ಆದರೂ ನಾನಾವತಿ ತೀರ್ಪಿನಲ್ಲಿಯೇ ಒಂದು ಕಿಂಡಿಯುಂಟು. ಸತ್ತವನ ಹಿಂದಿನ ನಡತೆಯಿಂದ ಉಂಟಾದ ಮನಃಸ್ಥಿತಿಯನ್ನೂ, ಕಡೆಯ ಕೃತ್ಯವು ಹಠಾತ್ ಪ್ರಚೋದನೆಯಾಯಿತೆ ಎಂಬುದನ್ನು ತೂಗುವಾಗ, ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದು ಅದು ಹೇಳುತ್ತದೆ. ಅಂಥ ಹೆಂಗಸಿನ ಪರವಾಗಿ ನಿಂತ ವಕೀಲರು ಆ ರಾತ್ರಿಯ ಸಂಗತಿಯೊಂದನ್ನೇ ಹೇಳಿ ಕುಳಿತುಕೊಳ್ಳಬೇಕಾಗಿಲ್ಲ. ಹತ್ತು ವರ್ಷಗಳ ಕಥೆಯನ್ನೂ ಸಾಕ್ಷಿಗಳ ಬಾಯಿಂದ ಹೇಳಿಸಬಹುದು.